ಬಾಣ ಹಾರಿತ್ತು, ಬೆಲ್ಲ ಕೊಟ್ಟಿರಲಿಲ್ಲ

ಆಲ್ದೂರು

ಪರದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನು ಬಹಳ ಓದಿದ್ದೇನೆ. ಎಲ್ಲರಿಗೂ ಅಲ್ಲಿನ ರಸ್ತೆ ಕನ್ನಡಿಯಂತೆ ಕಾಣುತ್ತದೆ, ಉಗುಳಲು ಜಾಗವೇ ಸಿಗುವುದಿಲ್ಲ. ನಾನು ಹೋಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು, ರಸ್ತೆ ಹೇಗಿತ್ತೆಂಬುದು ಮರೆತೇ ಹೋಗಿದೆ. ನೆನಪಿರುವುದು ಒಂದು ಬಾಣ. ಬಿಲ್ಲು ಬಿಟ್ಟ ಮೇಲೆ ಅದು ಒಂದು ವಾರ ಗಾಳಿಯಲ್ಲೇ ನಿಂತಿತ್ತು. ಅದನ್ನು ಕೆಳಗಿಳಿಸಲು ಆಲ್ದೂರಿನ ಕಡೆಯಿಂದ ಹೋದ ಇಬ್ಬರು ಹೆಂಗಸರು ಬೇಕಾದರು. ಆ ಇಬ್ಬರಲ್ಲಿ ಒಬ್ಬಳು ನಾನು, ಇನ್ನೊಬ್ಬಳು ನನ್ನ ವಾರಗಿತ್ತಿ ಸುಶೀಲ.

ಮೊಮ್ಮಗಳು ಈಚೆಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ. ಒಂದೊಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಆದ್ದರಿಂದ ವಿಮಾನ ಎಷ್ಟು ಗಂಟೆಗೆ ಹೊರಟಿತು, ಊಟಕ್ಕೆ ಏನು ಕೊಟ್ಟರು ಎಂಬುದನ್ನೆಲ್ಲ ಬಿಟ್ಟಿದ್ದೇನೆ.

ನಮ್ಮನ್ನು ಕರೆಸಿಕೊಂಡವರು ಮಾರ್ಗರೆಟ್ ಎಂಬ ಸ್ಕಾಟ್ಲೆಂಡಿನ ಹೆಂಗಸು. ಆಕೆಯ ಅಪ್ಪ ಹಿಂದೆ ಮೂಡಿಗೆರೆಯ ಕಡೆ ಒಂದು ಎಸ್ಟೇಟಿನಲ್ಲಿ ಮ್ಯಾನೇಜರಾಗಿದ್ದವರು. ಆಕೆ ಹುಟ್ಟಿದ್ದು ಅಲ್ಲಿನ ಬಂಗಲೆಯಲ್ಲಿ. ತೊಂಬತ್ತರ ದಶಕದಲ್ಲಿ ಒಮ್ಮೆ ಹುಟ್ಟಿದ ಮನೆ ನೋಡಬೇಕೆಂದು ಬಂದರು. ಬಂಗಲೆಯಲ್ಲಿ ಆಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸಂಸಾರ ಹೂಡಿದ್ದರಿಂದ ಉಳಿಯಲು ನಮ್ಮ ಮನೆಗೆ ಬಂದರು. ಮೊದಲನೇ ದಿನ ತೋಟ ಸುತ್ತಿ ಬಂದು ಜಗಲಿಯಲ್ಲಿ ಬೂಟು ಬಿಚ್ಚುತ್ತ, ಕಾಲಿಗಂಟಿ ರಕ್ತ ಹೀರುತ್ತಿದ್ದ ಕರಿ ಹುಳವನ್ನು ನೋಡಿ ಶಾಂತವಾಗಿ "ಉಂಬಳ" ಎಂದರು. ಐವತ್ತು ವರ್ಷ ನಾಲಿಗೆಗೆ ಬಾರದೆ ಇದ್ದ ಮಾತು. ಅವರಿಗೇ ಆಶ್ಚರ್ಯವಾಗಿ ಮೂರು ಸಲ ಹೇಳಿಕೊಂಡರು. ಅವತ್ತಿನಿಂದ ನಾನು ಅವರನ್ನು ಮಾರ್ಗರೆಟಕ್ಕ ಎಂದೇ ಕರೆದದ್ದು.

ಅವರು ಪ್ರತಿ ವರ್ಷ ಕರೆಯುತ್ತಿದ್ದರು, ನಾವು ಪ್ರತಿ ವರ್ಷ ಬರುತ್ತೇವೆ ಎನ್ನುತ್ತಿದ್ದೆವು. ಕಡೆಗೆ ಹೊರಟಾಗ ಕುದುರೆಮುಖದ ಗಣಿ ಇನ್ನೂ ಮುಚ್ಚಿರಲಿಲ್ಲ. ನಮ್ಮ ಯಜಮಾನರಿಗೂ ಮೈದುನನಿಗೂ ಬೋರ್ಡೋ ಔಷಧಿ ಹೊಡೆಸುವ ಕಾಲ. ಮಳೆಗೆ ಮೊದಲು ಅದು ಮುಗಿಯದಿದ್ದರೆ ಕಾಫಿ ಕಾಯಿ ಕೊಳೆತು ಉದುರುತ್ತದೆ.

"ನೀವಿಬ್ರೇ ಹೋಗಿ ಬನ್ನಿ," ಎಂದರು ಯಜಮಾನರು. "ಜಗಳ ಆಡೋದಾದ್ರೆ ಇಲ್ಲೇ ಆಡಿ ಮುಗಿಸ್ಕೊಂಡು ಹೋಗಿ. ಅಲ್ಲಿ ಬಿಡಿಸೋಕೆ ಯಾರೂ ಇರಲ್ಲ."

ವಿಮಾನ ಇಳಿದ ಜಾಗ

ನನ್ನ ಪೆಟ್ಟಿಗೆಯಲ್ಲಿ ಕಾಫಿಪುಡಿ, ಕಾಳುಮೆಣಸು. ಸುಶೀಲಳ ಪೆಟ್ಟಿಗೆಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಬೆಲ್ಲದ ಅಚ್ಚುಗಳು. ಬೆಲ್ಲ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಹಾಗಾಗಿ ಪರೀಕ್ಷೆ ಮಾಡುವ ಅಧಿಕಾರಿ ಪಂಚೆ ಬಿಚ್ಚಿಸಿದಾಗ ನನಗೆ ಒಳಗೊಳಗೇ ಖುಷಿಯಾಯಿತು.

ಆತ ಒಂದು ಅಚ್ಚನ್ನು ಎತ್ತಿ ಮೂಸಿದ. "ಇದೇನು?"

"ಸಕ್ಕರೆ," ಎಂದಳು ಸುಶೀಲ.

"ಸಕ್ಕರೆ ನಂಗೆ ಗೊತ್ತು. ಇದು ಸಕ್ಕರೆ ಅಲ್ಲ."

"ಸಕ್ಕರೆಯ ತಾಯಿ," ಎಂದೆ ನಾನು.

ಆತ ಗೋಡೆಗೆ ಅಂಟಿಸಿದ ಪಟ್ಟಿಯನ್ನು ಓದಿದ. ಮಣ್ಣು ತರಬಾರದು, ಬೀಜ ತರಬಾರದು, ಮಾಂಸ ತರಬಾರದು. ಬೆಲ್ಲದ ಹೆಸರು ಎಲ್ಲೂ ಇಲ್ಲ. ತರಬಹುದು ಎಂದೂ ಇಲ್ಲ, ಬಾರದು ಎಂದೂ ಇಲ್ಲ. ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿದರು. ಕಡೆಗೆ ಸುಶೀಲ ಉಗುರಿನಲ್ಲಿ ಒಂದು ಚೂರು ಕೆರೆದು ತಾನೇ ಬಾಯಿಗೆ ಹಾಕಿಕೊಂಡು, ಸಾಯದೆ ನಿಂತು ತೋರಿಸಿದಳು. ಬಿಟ್ಟರು.

"ನೋಡಿದ್ರಾ ಅಕ್ಕ," ಎಂದಳು ನನಗೆ. ಮುಂದಿನ ಎರಡು ವಾರವೂ ಇದೇ ಗತಿ ಎಂದು ಆಗಲೇ ಅರ್ಥವಾಯಿತು.

ಮಾರ್ಗರೆಟಕ್ಕನ ಬಾಗಿಲು

ಅವರ ಊರು ಉತ್ತರದ ಕಡಲ ದಂಡೆಯ ಮೇಲೆ. ಮನೆಗಳೆಲ್ಲ ಕಲ್ಲಿನವು, ಒಂದಕ್ಕೊಂದು ಭುಜ ಕೊಟ್ಟು ನಿಂತಿದ್ದವು. ಸೋನೆ ಹಿಡಿದುಕೊಂಡಿತ್ತು. ದಾರಿಯಲ್ಲಿ ಎದುರಾದವರೊಬ್ಬರು ನಮ್ಮನ್ನು ನೋಡಿ "ಎಷ್ಟು ಒಳ್ಳೆಯ ದಿನ ಅಲ್ವಾ" ಎಂದು ತಲೆಯ ನೀರು ಒರೆಸಿಕೊಂಡರು. ನಮ್ಮ ಕಡೆಯಾಗಿದ್ದರೆ ಇಂಥ ಹವೆಗೆ ಹೆಸರಿಟ್ಟು ಒಂದಿಷ್ಟು ಬಯ್ಯುತ್ತಿದ್ದರು.

ಮಾರ್ಗರೆಟಕ್ಕ ಬಾಗಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಸಣ್ಣ ತಟ್ಟೆ. ತಟ್ಟೆಯಲ್ಲಿ ಎರಡು ಕಂದು ಸಕ್ಕರೆ ಗಟ್ಟಿ. ನಮ್ಮಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವ ಹಾಗೆಯೇ.

"ನಮ್ಮ ಬಂಗ್ಲೆ ಅಡುಗೆಯವನು ಬಂದೋರಿಗೆಲ್ಲ ಹೀಗೆ ಕೊಡ್ತಿದ್ದ," ಎಂದರು. "ಬೆಲ್ಲ ಇಲ್ಲಿ ಸಿಗಲ್ಲ."

ಸುಶೀಲ ಅಲ್ಲೇ ಬಾಗಿಲಲ್ಲೇ ಪೆಟ್ಟಿಗೆ ಕೆಳಗಿಟ್ಟು, ತೆರೆದು, ಪಂಚೆ ಬಿಚ್ಚಿದಳು.

ಇಲ್ಲೊಂದು ಮಾತು. ಅಲ್ಲಿಯವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡ ಹಾಗೆ. ನಾನು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು, ಸುಶೀಲ ರೇಡಿಯೋದಲ್ಲಿ ಕ್ರಿಕೆಟ್ ಕೇಳಿ ಕಲಿತವಳು. ನನಗಿಂತ ಅವಳಿಗೇ ಬೇಗ ಅರ್ಥವಾಗುತ್ತಿತ್ತು. ಬರೆಯುವಾಗ ಎಲ್ಲರನ್ನೂ ನಮ್ಮ ಕಡೆಯ ಮಾತಿನಲ್ಲೇ ಮಾತಾಡಿಸಿದ್ದೇನೆ.

ಮೊದಲ ಶನಿವಾರ

ಶನಿವಾರ ಮಧ್ಯಾಹ್ನ ಊಟಕ್ಕೆ ಮೂವರು ಬಂದರು. ಮಾರ್ಗರೆಟಕ್ಕನ ಮಗಳು ಫಿಯೋನಾ, ನಲವತ್ತರ ಟೀಚರು. ಅವಳ ತಮ್ಮ ಆಲನ್, ಮರಗೆಲಸದವನು. ಇಬ್ಬರೂ ಅದೇ ಊರಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡಿದ್ದರು. ಮೂರನೆಯವರು ಡಂಕನ್, ಆಚೆ ದ್ವೀಪಕ್ಕೆ ದೋಣಿ ನಡೆಸಿ ನಿವೃತ್ತರಾದವರು. ಮಾರ್ಗರೆಟಕ್ಕನ ತೀರಿಕೊಂಡ ಗಂಡನ ಗೆಳೆಯರು. ಬಾಗಿಲಿನಷ್ಟು ಅಗಲದ ಮನುಷ್ಯ.

ಊಟ ನಡೆಯುತ್ತಿರುವಾಗ ಸುಶೀಲ ನನ್ನ ಕಡೆ ಬಾಗಿದಳು.

"ಅಕ್ಕ, ಈ ಅಕ್ಕ ತಮ್ಮ ಮಾತು ಬಿಟ್ಟಿದ್ದಾರೆ."

"ನಿಂಗ್ಯಾರು ಹೇಳಿದ್ರು?"

"ಉಪ್ಪು ಅವಳ ಎದುರಿಗಿದೆ. ಅವ್ನು ಅಮ್ಮನ ಹತ್ರ ಕೇಳ್ತಾನೆ. ಅಮ್ಮ ಅವಳ ಹತ್ರ ಕೇಳ್ತಾರೆ. ಉಪ್ಪು ಊರೆಲ್ಲ ಸುತ್ತಿ ಬರ್ತಿದೆ."

ನಿಜವಾಗಿತ್ತು. ನನಗೇನೂ ಹೊಸದಲ್ಲ. ನಮ್ಮ ತವರಿನ ಕಡೆ, ಕಳಸದಲ್ಲಿ, ಮಾತು ಬಿಟ್ಟ ಅಣ್ಣತಮ್ಮಂದಿರು ಹಸುವಿಗೆ ಹೇಳಿದ ಹಾಗೆ ಮಾಡಿ ಒಬ್ಬರಿಗೊಬ್ಬರು ವಿಷಯ ಮುಟ್ಟಿಸುತ್ತಿದ್ದರು. ಆದರೆ ಊಟ ಮುಗಿದು ಮೇಜು ಒರೆಸಿದ ಮೇಲೆ ನಡೆದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಫಿಯೋನಾ ಒಂದು ದಪ್ಪ ಪುಸ್ತಕ ತಂದಿಟ್ಟಳು. ಆಲನ್ ಜೇಬಿನಿಂದ ದಾಳಗಳನ್ನು ಸುರಿದ. ಪಗಡೆಯ ದಾಳದಂತೆ ನಾಲ್ಕು ಮುಖವಲ್ಲ, ನೆಲ್ಲಿಕಾಯಿ ಗಾತ್ರ, ಮೈಯೆಲ್ಲ ಮುಖ. ಪಗಡೆಯ ಹಾಸು ಇರಲಿಲ್ಲ, ಕಾಯಿ ನಡೆಸಲಿಲ್ಲ. ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ಫಿಯೋನಾ ದನಿ ತಗ್ಗಿಸಿ, "ಹಿಮ ಬೀಳ್ತಿದೆ. ಕಣಿವೇಲಿ ಒಂದೇ ದೀಪ. ಸಿಪಾಯೀ, ಎಲ್ಲಿಂದ ಓಡಿ ಬಂದೆ?" ಎಂದು ನೇರ ತಮ್ಮನ ಮುಖ ನೋಡಿ ಕೇಳಿದಳು.

ಉಪ್ಪು ಕೇಳಲಾರದ ಆಲನ್ ಬಾಯಿ ತೆರೆದು ಉದ್ದಕ್ಕೆ ಉತ್ತರ ಕೊಟ್ಟ. ಸೋತ ಯುದ್ಧ, ಸತ್ತ ಕುದುರೆ, ಬೆನ್ನಟ್ಟಿ ಬರುತ್ತಿರುವ ಬಿಲ್ಲುಗಾರರು. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ.

"ತಾಳಮದ್ದಳೆ," ಎಂದೆ ನಾನು.

ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಬ್ಬ ರಾಜ, ಒಬ್ಬ ರಾಕ್ಷಸ. ಮಾತು ಮೊದಲೇ ಬರೆದದ್ದಲ್ಲ, ಎದುರಿನವನು ಏನೆನ್ನುತ್ತಾನೋ ಅದಕ್ಕೆ ತಕ್ಕ ಉತ್ತರ. ನಮ್ಮಪ್ಪನ ಮನೆಯ ನಡುಮನೆಯಲ್ಲಿ ಹೀಗೇ ಆಗುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿ, ಸೋತವನು ಏನು ಹೇಳಬೇಕಿತ್ತೆಂದು ಬಚ್ಚಲಲ್ಲಿ ಹೇಳಿಕೊಳ್ಳುತ್ತಿದ್ದೆ. ಇಲ್ಲಿ ದಾಳವೂ ಉಂಟು, ಪುಸ್ತಕವೂ ಉಂಟು. ಫಿಯೋನಾ ಭಾಗವತರ ಜಾಗದಲ್ಲಿ, ಕತೆ ನಡೆಸುವವಳು. ಆಲನ್ ಸಿಪಾಯಿ. ಡಂಕನ್ ಮೋರಾ ಎಂಬ ಮುದುಕಿ, ಆ ಕಣಿವೆಯ ಛತ್ರದವಳು. ಅಷ್ಟು ದೊಡ್ಡ ಆಳು ಕೈಗಳನ್ನು ಮಡಿಲಲ್ಲಿಟ್ಟು ಮುದುಕಿಯ ದನಿಯಲ್ಲಿ "ಒಳಗೆ ಬಾ ಮಗನೇ, ಒಲೆ ಹತ್ರ ಕೂತ್ಕೋ, ನೀರು ಕುಡಿ" ಎಂದಾಗ ಸುಶೀಲ ಸೆರಗು ಬಾಯಿಗಿಟ್ಟಳು.

ಅಷ್ಟರಲ್ಲಿ ಕಿಟಕಿಯಿಂದ ಬಾಣ ಬಂತು. ಫಿಯೋನಾ ದಾಳ ಉರುಳಿಸಿದಳು. ಗುರಿ ತಪ್ಪದ ಅಂಕೆ ಬಿತ್ತು.

"ಸಿಪಾಯಿ ಸತ್ತ," ಎಂದಳು.

"ಸಾಯಲ್ಲ," ಎಂದ ಆಲನ್, ಡಂಕನ್ ಕಡೆ ನೋಡುತ್ತ. "ಮೋರಾಗೆ ಒಲೆಯ ಕಾವಲು ಮಂತ್ರ ಇದೆ."

ಪುಸ್ತಕ ತೆರೆಯಿತು. ಮಾರ್ಗರೆಟಕ್ಕ ನನಗಾಗಿ ಗಟ್ಟಿಯಾಗಿ ಓದಿದರು. ಮಂತ್ರ ಬಲ್ಲವರ ಒಲೆಯ ಬಳಿ, ಅವರ ಕೈಯಿಂದ ಉಂಡ ಅತಿಥಿಯನ್ನು, ಅವನು ಹೊಸ್ತಿಲು ದಾಟುವ ತನಕ ಯಾವ ಆಯುಧವೂ ಮುಟ್ಟದು. ಅಷ್ಟೇ ಇತ್ತು.

"ಉಂಡ ಅತಿಥಿ," ಎಂದಳು ಫಿಯೋನಾ. "ಅವ್ನು ಉಂಡಿಲ್ಲ. ನೀರು ಕುಡ್ದ."

"ಒಲೆ ಉಂಟು, ಅವಳ ಕೈ ಉಂಟು. ಅವನು ಅತಿಥಿ ಅಲ್ದೆ ಮತ್ತೆಂತ?"

"ನೀರು ಊಟ ಅಲ್ಲ."

ಆಲನ್ ದಾಳಗಳನ್ನು ಬಾಚಿ ಜೇಬಿಗೆ ಹಾಕಿಕೊಂಡ. "ಅಮ್ಮ, ಕತೆ ಹೇಳೋರಿಗೆ ಹೇಳು. ಸಿಪಾಯಿ ಸತ್ರೆ ನಾನು ಮುಂದಿನ ಶನಿವಾರದಿಂದ ಬರಲ್ಲ. ಬೇರೆ ವೇಷ ಕಟ್ಟೋ ಆಸೆ ನಂಗಿಲ್ಲ." ಕೋಟು ಹಾಕಿಕೊಂಡು ಹೊರಟ. ಸಾಯಿಸಬೇಕೋ ಉಳಿಸಬೇಕೋ ತಿಳಿಯದೆ ಬಾಣವನ್ನು ಅಲ್ಲೇ ಗಾಳಿಯಲ್ಲಿ ಬಿಟ್ಟು ಆಟ ನಿಂತಿತು.

ಪಾತ್ರೆ ತೊಳೆಯುವಾಗ ಮಾರ್ಗರೆಟಕ್ಕ ವಿಷಯ ಹೇಳಿದರು. ಅವರ ಗಂಡ ತೀರಿಕೊಂಡ ಮೇಲೆ ಆಲನ್ ಅಪ್ಪನ ದೋಣಿಯನ್ನು ಅಕ್ಕನಿಗೆ ಒಂದು ಮಾತು ಹೇಳದೆ ಬೇರೆಯವರಿಗೆ ಕೊಟ್ಟುಬಿಟ್ಟ. ಅವಳು ಆ ದೋಣಿಯಲ್ಲೇ ಈಜು ಕಲಿತವಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಅಪ್ಪ ಇದ್ದಾಗಿನಿಂದ ನಡೆದು ಬಂದ ಶನಿವಾರದ ಆಟ ಮಾತ್ರ ನಿಲ್ಲಲಿಲ್ಲ. ಮೋರಾ ಮುದುಕಿಯನ್ನು ಕಟ್ಟಿದ್ದೂ ಆ ಅಪ್ಪನೇ.

"ಫಿಯೋನಾ ಆಲನ್ ಜೊತೆ ಮಾತಾಡಲ್ಲ," ಎಂದರು ಬಟ್ಟಲು ಒರೆಸುತ್ತ. "ಆದ್ರೆ ಕತೆ ಹೇಳೋಳು ಸಿಪಾಯಿ ಜೊತೆ ಮಾತಾಡ್ತಾಳೆ. ಅದೊಂದೇ ಉಳ್ದಿದ್ದು. ಸಿಪಾಯಿ ಸತ್ರೆ ನನ್ನ ಮಕ್ಕಳಿಗೆ ಮಾತೇ ಇರಲ್ಲ."

"ಅವಳಿಗೆ ಹೇಳಿ, ಬಿಟ್ಟುಕೊಡು ಅಂತ," ಎಂದೆ.

"ಹೇಳ್ದೆ. ಅವಳಿಗೂ ಅವನನ್ನ ಕೊಲ್ಲೋ ಇಷ್ಟ ಇಲ್ಲ. ಆದ್ರೆ ತಮ್ಮ ಅಂತ ಬಿಟ್ಟೆ ಅನ್ನಿಸ್ಕೊಳ್ಳೋಕೆ ಆಗಲ್ಲ ಅಂತಾಳೆ. ಹೊರಗಿನೋರು ಯಾರಾದ್ರೂ ನ್ಯಾಯ ಹೇಳಿದ್ರೆ ಕೇಳ್ತಾಳೆ." ನನ್ನ ಮುಖ ನೋಡಿದರು. "ನಿಮ್ಮ ಜಗಲೀಲಿ ಪಂಚಾಯ್ತಿ ಆಗೋದು ನಾನು ನೋಡಿದೀನಿ."

"ಅಷ್ಟೇ ತಾನೆ," ಎಂದೆ. "ಮುಂದಿನ ಶನಿವಾರ ಬಾಣ ಇಳಿಸಿ ಕೊಡ್ತೀನಿ."

ದೋಣಿ

ಆ ವಾರವೆಲ್ಲ ನಾವು ಊರು ನೋಡಿದೆವು. ಅಲ್ಲಿ ನಲ್ಲಿ ಎರಡು. ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜು. ನಡುವೆ ಕೈ ತೊಳೆಯಲು ದೇವರೇ ಬರಬೇಕು. ಬಸ್ಸಿನಲ್ಲಿ ನಾಯಿ ಸೀಟಿನ ಮೇಲೆ ಕೂರುತ್ತದೆ, ಯಾರೂ ಏಳಿಸುವುದಿಲ್ಲ. ಸುಶೀಲ ಒಬ್ಬರ ಕಾಲು ತುಳಿದಳು, ತುಳಿಸಿಕೊಂಡವರೇ ಕ್ಷಮೆ ಕೇಳಿದರು. ಅವಳಿಗೆ ಇದು ಎಷ್ಟು ಹಿಡಿಸಿತೆಂದರೆ ಇನ್ನೊಬ್ಬರದ್ದೂ ತುಳಿದು ನೋಡಿದಳೋ ಎಂದು ನನಗೆ ಈಗಲೂ ಅನುಮಾನ. ಸೂರ್ಯನಂತೂ ಮುಳುಗಲು ಮನಸ್ಸೇ ಮಾಡುತ್ತಿರಲಿಲ್ಲ. ಊಟವಾಗಿ, ತಟ್ಟೆ ತೊಳೆದು, ಹಾಸಿಗೆ ಹಾಸಿದರೂ ಕಿಟಕಿಯಲ್ಲಿ ನಮ್ಮೂರ ಸಂಜೆ ನಾಲ್ಕರ ಬೆಳಕು.

ಡಂಕನ್ ನಮ್ಮನ್ನು ದ್ವೀಪಕ್ಕೆ ಕರೆದುಕೊಂಡು ಹೋದರು. ಭದ್ರಾ ನದಿಯ ತೆಪ್ಪಕ್ಕೇ ಹೆದರುವ ನಾನು ಹಗ್ಗ ಹಿಡಿದು ಕೂತಿದ್ದೆ. ಆದರೂ ಕೆಲಸ ಮರೆಯಲಿಲ್ಲ.

"ಡಂಕನ್, ಮೋರಾ ನೀರಿನ ಜೊತೆ ಒಂದು ಚೂರು ರೊಟ್ಟಿ ಕೊಟ್ಟಳು ಅಂತ ಹೇಳ್ಬಿಡಿ. ಮುಗೀತು."

ಅವರು ತಲೆ ಅಲ್ಲಾಡಿಸಿದರು. "ನಾನು ನೀರು ಅಂದೆ. ಅಷ್ಟೇ ಅಂದೆ. ಬಾಣ ಹೊರಟ ಮೇಲೆ ರೊಟ್ಟಿ ಕೊಟ್ಟೆ ಅಂದ್ರೆ ಅದು ಸುಳ್ಳು. ನಮ್ಮ ಮೇಜಿನ ನಿಯಮ ಅದು. ಬಾಯಲ್ಲಿ ಹೇಳದ್ದು ಆಗಿಲ್ಲ."

"ಒಬ್ಬ ಮನುಷ್ಯನ ಪ್ರಾಣ ಹೋಗುತ್ತೆ."

"ಅವರಪ್ಪ ಮಾಡಿದ ನಿಯಮ," ಎಂದರು. "ಅದನ್ನ ಮುರಿದು ಅವರಪ್ಪನ ಮಕ್ಕಳನ್ನ ಕೂಡಿಸೋಕೆ ನನ್ನಿಂದ ಆಗಲ್ಲ."

ದಡ ಬರುವ ತನಕ ಯೋಚಿಸಿದೆ. ನಮ್ಮ ಪುರಾಣದ ರಾಕ್ಷಸರೂ ಹೀಗೇ. ವರ ಕೇಳುವಾಗ ಅದರಿಂದ ಸಾವು ಬಾರದಿರಲಿ, ಇದರಿಂದ ಬಾರದಿರಲಿ ಎಂದು ಉದ್ದಕ್ಕೆ ಹೇಳಿ, ಒಂದನ್ನು ಬಿಟ್ಟಿರುತ್ತಾರೆ. ದೇವರು ಬಿಟ್ಟ ಜಾಗದಲ್ಲೇ ಬರುತ್ತಾನೆ. ನಾನೂ ಬಿಟ್ಟ ಜಾಗದಲ್ಲೇ ಬರುವುದೆಂದು ತೀರ್ಮಾನಿಸಿದೆ. ಹೇಳದ್ದು ಆಗಿಲ್ಲ ಎನ್ನುವವರು ಏನೇನನ್ನು ಹೇಳದೆ ಬಿಟ್ಟಿದ್ದಾರೆ ಎಂದು ನೋಡಿದರಾಯಿತು.

ಎರಡನೇ ಶನಿವಾರ

ಆಲನ್ ಬಂದ. ಕೋಟು ಬಿಚ್ಚದೆ ಕೂತ. ಮೇಜಿನ ಮೇಲೆ ಪುಸ್ತಕ, ಪಕ್ಕದಲ್ಲಿ ತಟ್ಟೆಯಲ್ಲಿ ನಮ್ಮ ಬೆಲ್ಲ. ತಟ್ಟೆ ಇಟ್ಟಿದ್ದು ಫಿಯೋನಾ ಎದುರಿಗೆ. ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಅಪ್ಪನ ನಡುಮನೆಯ ಬಾಗಿಲ ಸಂದಿಯಿಂದ ಇಲ್ಲಿಗೆ ಬರಲು ಸಮುದ್ರ ದಾಟಬೇಕಾಯಿತು ಎಂದುಕೊಂಡು ಸೆರಗು ಸರಿ ಮಾಡಿಕೊಂಡೆ.

"ನಮ್ಮ ಕಡೆ," ಎಂದು ಶುರುಮಾಡಿದೆ, "ಮನೆಗೆ ಬಂದೋರಿಗೆ ಮೊದಲು ನೀರು ಕೊಡ್ತೀವಿ. ಕೈಲಿ ಲೋಟ ತಗೊಂಡ್ರೆ ಅವರು ನಮ್ಮ ಅತಿಥಿ. ಊಟ ಆಮೇಲಿನ ಮಾತು. ಸಿಪಾಯಿ ನೀರು ಕುಡಿದ. ಅಲ್ಲಿಗೆ ಮಂತ್ರ ಹತ್ತಿತು. ಬಾಣ ಮುಟ್ಟೋ ಹಾಗಿಲ್ಲ."

ಆಲನ್‌ನ ಮುಖ ಅರಳಿತು. ಮಾರ್ಗರೆಟಕ್ಕ ಉಸಿರು ಬಿಟ್ಟರು. ಆಗ ಸುಶೀಲ ಕನ್ನಡದಲ್ಲಿ, "ಅಕ್ಕ, ಬೆಲ್ಲ ಎಲ್ಲಿ?" ಎಂದಳು.

"ಎಂತ ಬೆಲ್ಲ?"

"ಬರೀ ನೀರು ಕೊಟ್ರೆ ಅತಿಥಿ ಹೇಗಾಗ್ತಾನೆ? ನೀರನ್ನ ಯಾರಿಗೂ ಇಲ್ಲ ಅನ್ನಲ್ಲ ನಾವು. ದಾರೀಲಿ ಹೋಗೋರಿಗೂ ಕೊಡ್ತೀವಿ, ಕೋರ್ಟಲ್ಲಿ ಕೇಸು ಹಾಕಿದ ದಾಯಾದಿಗೂ ಕೊಡ್ತೀವಿ. ಬೆಲ್ಲ ಕೊಟ್ಟ ಮೇಲೆ ತಾನೆ ನಮ್ಮನೆಯವ್ರ ಲೆಕ್ಕ?"

"ನೀನು ಯಾರ ಕಡೆ ಮಾರಾಯ್ತಿ?"

"ಬೆಲ್ಲದ ಕಡೆ."

"ಬಾಣ ಇಳಿಯೋವರೆಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿಂಗೆ?"

"ತಪ್ಪು ಹೇಳ್ತಿದ್ರೆ ಹೇಗೆ ಮುಚ್ಕೊಂಡಿರ್ಲಿ? ನಾಳೆ ಇವ್ರು ಆಲ್ದೂರಿಗೆ ಬಂದು ಯಾರನ್ನಾದ್ರೂ ಕೇಳಿದ್ರೆ ಮಾನ ಹೋಗೋದು ನಮ್ಮಿಬ್ರದ್ದೂ."

ನಮ್ಮ ದನಿ ಏರಿತ್ತು. ಅವರು ನಾಲ್ವರೂ ಟೆನಿಸ್ ನೋಡುವವರ ಹಾಗೆ ಕತ್ತು ತಿರುಗಿಸುತ್ತಿದ್ದರು. ಕಡೆಗೆ ಫಿಯೋನಾ ಏನು ಚರ್ಚೆ ಎಂದು ಕೇಳಿದಳು. ಹೇಳದೆ ಉಪಾಯವಿರಲಿಲ್ಲ, ಹೇಳಿದೆ. ಅವಳು ಬೆರಳನ್ನು ಪುಸ್ತಕದ ಮೇಲಿಟ್ಟಳು.

"ನಿಮ್ಮ ನ್ಯಾಯದಲ್ಲೂ ಅವ್ನು ಸತ್ತ ಹಾಗಾಯ್ತು. ನೀರು ಮಾತ್ರ ಕೊಟ್ಟಿದ್ದು."

ಆಲನ್ ಕೋಟಿನ ಗುಂಡಿ ಹಾಕತೊಡಗಿದ.

"ನಿಲ್ಲಪ್ಪ," ಎಂದೆ. ಸುಶೀಲ ದಾರಿ ಮುಚ್ಚಿದ್ದಳು ನಿಜ. ಆದರೆ ನನ್ನ ಹತ್ತಿರ ದೋಣಿಯಲ್ಲಿ ಯೋಚಿಸಿದ್ದು ಇನ್ನೂ ಇತ್ತು. "ಡಂಕನ್, ಮೋರಾ ಬಾಗಿಲು ತೆಗೆದಳು ಅಂತ ನೀವು ಹೇಳಿದ್ರಾ?"

"ಒಳಗೆ ಬಾ ಅಂದೆ."

"ಬಾಗಿಲು ತೆಗೆದೆ ಅಂದ್ರಾ?"

"ಇಲ್ಲ."

"ಹಾಗಾದ್ರೆ ಸಿಪಾಯಿ ಮುಚ್ಚಿದ ಬಾಗಿಲಲ್ಲಿ ತೂರಿ ಬಂದ್ನಾ? ನೀರನ್ನ ಲೋಟದಲ್ಲಿ ಕೊಟ್ಟೆ ಅಂದ್ರಾ? ಇಲ್ಲ. ಬೊಗಸೆಗೆ ಸುರಿದ್ರಾ? ಯಾವಾಗ್ಲೂ ಮಾಡೋದನ್ನ ಯಾರೂ ಬಾಯಲ್ಲಿ ಹೇಳಲ್ಲ. ನಮ್ಮೂರಲ್ಲಿ ನೀರು ಕೊಟ್ರು ಅಂದ್ರೆ ಬೆಲ್ಲ ಕೊಟ್ರು ಅಂತ ಬೇರೆ ಹೇಳಬೇಕಾಗಿಲ್ಲ."

ಡಂಕನ್ ಗಡ್ಡ ಕೆರೆದರು. ಅವರ ನಿಯಮವನ್ನು ನಾನು ಮುರಿದಿರಲಿಲ್ಲ, ಅದರ ಒಳಗೇ ಒಂದು ಬಾಗಿಲು ತೋರಿಸಿದ್ದೆ. ಆದರೆ ಫಿಯೋನಾ ಟೀಚರು. ಸುಲಭಕ್ಕೆ ಬಗ್ಗುವವಳಲ್ಲ.

"ಅದು ನಿಮ್ಮೂರಲ್ಲಿ," ಎಂದಳು. "ಮೋರಾ ಛತ್ರ ಇರೋದು ಹಿಮದ ಕಣಿವೇಲಿ. ಅಲ್ಲಿ ನೀರಿನ ಜೊತೆ ಸಿಹಿ ಕೊಡ್ತಾರೆ ಅಂತ ಯಾರು ಹೇಳಿದ್ರು? ನಿಮ್ಮ ಪದ್ಧತೀನ ನನ್ನ ಕತೆ ಒಳಗೆ ತರೋ ಹಾಗಿಲ್ಲ."

ಸರಿಯಾದ ಮಾತು. ಅಪ್ಪನ ನಡುಮನೆಯಲ್ಲಾದರೆ ಇಂಥ ಹೊತ್ತಿನಲ್ಲಿ ಅರ್ಥ ಹೇಳುವವರು ಎಲೆ ಅಡಿಕೆ ಹಾಕಿಕೊಂಡು ಕಾಲ ತಳ್ಳುತ್ತಿದ್ದರು. ಇಲ್ಲಿ ಅದೂ ಇಲ್ಲ.

ಸುಶೀಲ ಗಂಟಲು ಸರಿ ಮಾಡಿಕೊಂಡಳು. ಈ ಸಲ ಕ್ರಿಕೆಟ್ ಇಂಗ್ಲಿಷಿನಲ್ಲಿ.

"ಈ ಮನೇಲಿ?" ಎಂದು ಕೇಳಿದಳು.

"ಈ ಮನೇಲಿ ಏನು?"

"ನಿಮ್ಮ ಮೋರಾ ನಿಮ್ಮಪ್ಪ ಕಟ್ಟಿದ ಮುದುಕಿ. ನಿಮ್ಮಪ್ಪ ಇದ್ದಿದ್ದು ಈ ಮನೇಲಿ. ಈ ಮನೇಲಿ ನೀರು ಹೇಗೆ ಕೊಡ್ತಾರೆ? ನಮಗೆ ಕೊಟ್ಟಾಗ ತಟ್ಟೇಲಿ ಸಕ್ಕರೆ ಗಟ್ಟಿ ಇತ್ತು. ನಾವು ಇಂಡಿಯಾದೋರು ಅಂತ ಕೊಟ್ರು ಅಂದ್ಕೊಂಡೆ. ಆಮೇಲೆ ಪೋಸ್ಟಿನವ್ನಿಗೂ ಕೊಟ್ರು. ಗುರುವಾರ ಕಿಟಕಿ ಒರೆಸೋಕೆ ಬಂದೋನಿಗೂ ಕೊಟ್ರು. ನೀರು ಇಟ್ಟಲ್ಲೆಲ್ಲ ತಟ್ಟೆ ಇಡ್ತಾರೆ."

ಎಲ್ಲರೂ ಮಾರ್ಗರೆಟಕ್ಕನ ಕಡೆ ನೋಡಿದರು.

"ನಾನಾ?" ಎಂದರು ಅವರು. "ಎಲ್ಲರಿಗೂ ಕೊಡ್ತೀನಾ?"

"ಯಾವಾಗ್ಲೂ ಅಮ್ಮ," ಎಂದ ಆಲನ್. "ಸ್ಕೂಲಿಂದ ಬಂದ ಕೂಡಲೆ. ನೀಲಿ ತಟ್ಟೇಲಿ."

"ಹಸಿರು ತಟ್ಟೆ," ಎಂದಳು ಫಿಯೋನಾ.

"ನೀಲಿ. ನಂದೂ ನೀನೇ ತಿಂತಿದ್ದೆ."

"ನಾನು ತಿಂದಿಲ್ಲ. ನಾಯಿಗೆ ಹಾಕ್ತಿದ್ದೆ."

"ನನ್ನ ಪಾಲನ್ನ ನಾಯಿಗೆ ಹಾಕಿದ್ಯಾ?"

"ನಾಯಿ ನಿನ್ನ ಹಾಗೆ ದೂರು ಹೇಳ್ತಿರಲಿಲ್ಲ."

ಇಷ್ಟು ಆಡಿದ ಮೇಲೆ ಇಬ್ಬರಿಗೂ ಗೊತ್ತಾಯಿತು. ಕತೆ ಹೇಳುವವಳು ಸಿಪಾಯಿಯ ಜೊತೆ ಆಡಿದ ಮಾತಲ್ಲ ಇದು. ಫಿಯೋನಾ ಪುಸ್ತಕದ ಮೂಲೆ ಮಡಚಿದಳು, ಬಿಚ್ಚಿದಳು. ಆಲನ್ ಮೇಜನ್ನು ನೋಡುತ್ತಿದ್ದ. ಡಂಕನ್‌ರ ಕಡೆ ನೋಡಿ ನಾನು ಹುಬ್ಬು ಹಾರಿಸಿದೆ.

ಅವರು ಕೈಗಳನ್ನು ಮಡಿಲಿಗೆ ತೆಗೆದುಕೊಂಡು ಮುದುಕಿಯ ದನಿಯಲ್ಲಿ, "ನಮ್ಮ ಛತ್ರದಲ್ಲಿ ಬರೀ ನೀರು ಯಾರಿಗೂ ಕೊಟ್ಟಿಲ್ಲಮ್ಮ. ಮೊದಲಿಂದ್ಲೂ," ಎಂದರು.

"ಸಕ್ಕರೆ ಗಟ್ಟಿ ಊಟ ಅಲ್ಲ," ಎಂದಳು ಫಿಯೋನಾ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಊಟ ಹಾಕ್ತೀವಿ ಅಂತ ಕೊಟ್ಟ ಮಾತು ಅದು," ಎಂದಳು ಸುಶೀಲ. "ಬೆಲ್ಲ ಕೊಟ್ಟು ಉಪವಾಸ ಕಳಿಸಿದ ಮನೆ ಯಾವುದೂ ಇಲ್ಲ."

ಫಿಯೋನಾ ಪುಸ್ತಕ ಮುಚ್ಚಿದಳು. ಕತೆ ಹೇಳುವ ದನಿ ತೆಗೆದು, ಬಾಣ ಸಿಪಾಯಿಯ ಎದೆಯ ಹತ್ತಿರ ಬಂದು ಒಲೆಯ ಹೊಗೆಯಲ್ಲಿ ಸಿಕ್ಕಿ, ಅವನ ಕಾಲ ಬಳಿ ಕಡ್ಡಿಯಂತೆ ಬಿತ್ತು ಎಂದಳು. ನಾನು ವಾರದಿಂದ ಹಿಡಿದಿದ್ದ ಉಸಿರನ್ನು ಬಿಟ್ಟೆ.

"ಆದ್ರೆ ಹೊಸ್ತಿಲು ದಾಟೋ ತನಕ ಮಾತ್ರ," ಎಂದಳು. "ಹೊರಗೆ ಬಿಲ್ಲುಗಾರರು ಕೂತಿದ್ದಾರೆ. ಅವರಿಗೆ ಅವಸರ ಇಲ್ಲ. ನಿಯಮ ನಿಯಮವೇ."

"ಹಾಗಾದ್ರೆ ಒಳಗೇ ಇರ್ತೀನಿ," ಎಂದ ಆಲನ್.

"ಎಷ್ಟು ದಿನ?"

"ಊಟ ಹಾಕೋ ತನಕ."

ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಅಮ್ಮನ ಕಡೆ ನೋಡದೆ, ಡಂಕನ್ ಕಡೆಯೂ ನೋಡದೆ, ಕೈ ಚಾಚಿದ.

"ಫಿಯೋನಾ, ಆ ಬೆಲ್ಲ ಈ ಕಡೆ ಕೊಡು."

ಅವಳು ತಟ್ಟೆಯನ್ನು ಮೇಜಿನ ಮೇಲೆ ದೂಡಿದಳು. ಅದು ಯಾರ ಕೈಯನ್ನೂ ಸುತ್ತದೆ ನೇರ ಹೋಗಿ ಅವನ ಮುಂದೆ ನಿಂತಿತು.

ಮತ್ತೆ ಆಲ್ದೂರು

ನಾವು ಬರುವ ಹೊತ್ತಿಗೆ ಮಳೆ ಹಿಡಿದಿತ್ತು, ಔಷಧಿ ಹೊಡೆದು ಮುಗಿದಿತ್ತು. "ಏನೇನು ನೋಡಿದ್ರಿ?" ಎಂದು ಯಜಮಾನರು ಕೇಳಿದರು. ಒಬ್ಬ ಸಿಪಾಯಿಯನ್ನು ಬದುಕಿಸಿ ಬಂದೆವು ಎಂದೆ. ಅವರು ಕಾಫಿ ಕುಡಿಯುತ್ತ, "ಆಗ್ಲಿ, ಖಾಲಿ ಕೈಯಲ್ಲಿ ಬರಲಿಲ್ಲವಲ್ಲ," ಎಂದರು.

ವರ್ಷದ ಕೊನೆಗೆ ಮಾರ್ಗರೆಟಕ್ಕನ ಕಾರ್ಡು ಬಂತು. ದೋಣಿಯ ವಿಷಯ ಇನ್ನೂ ಬಗೆಹರಿದಿಲ್ಲವಂತೆ. ಆದರೆ ಆ ಜಗಳವನ್ನು ಈಗ ಇಬ್ಬರೂ ಎದುರು ಬದುರು ನಿಂತು, ಹೆಸರು ಹಿಡಿದು, ಬೀದಿಗೆ ಕೇಳುವ ಹಾಗೆ ಆಡುತ್ತಾರಂತೆ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ನನಗೆ ಮಾತ್ರ ಹಾಡು ಕೇಳಿದ ಹಾಗಿರುತ್ತದೆ ಎಂದು ಬರೆದಿದ್ದರು. ಆಲನ್ ಒಂದು ಶನಿವಾರವೂ ತಪ್ಪಿಸಿಲ್ಲ. ತಪ್ಪಿಸುವ ಹಾಗೂ ಇಲ್ಲ. ಬಿಲ್ಲುಗಾರರು ಹೊರಗೆ ಕೂತೇ ಇದ್ದಾರೆ, ಸಿಪಾಯಿ ಒಳಗೆ ಸಿಕ್ಕಿಕೊಂಡಿದ್ದಾನೆ. ಮೋರಾಳ ಪಾತ್ರೆ ತೊಳೆಯುತ್ತಾನೆ, ಬೆಳಗ್ಗೆ ಹಿತ್ತಲಿಗೆ ಹೋಗಿ ಅವಳಿಗೆ ಸೌದೆ ಒಡೆದುಕೊಡುತ್ತಾನೆ.

ಮೊನ್ನೆ ಇಷ್ಟನ್ನೂ ಒತ್ತಿ ಮುಗಿಸಿ ಸುಶೀಲಳಿಗೆ ಓದಿ ಹೇಳಿದೆ. ಈಗ ಅವಳಿಗೂ ಎಪ್ಪತ್ತು ದಾಟಿದೆ, ಕಿವಿ ಚುರುಕಾಗಿಯೇ ಇದೆ. ಬೆಲ್ಲದ ಮಾತು ಮೊದಲು ಎತ್ತಿದ್ದು ತಾನು ಎಂದು ಸ್ಪಷ್ಟವಾಗಿ ಬರೆಯಬೇಕೆಂದಳು. ಬರೆದಿದ್ದೇನೆ ಎಂದೆ. ಪಂಚೆಯಲ್ಲಿ ಸುತ್ತಿ ತಂದವಳೂ ತಾನೇ ಎಂದಳು. ಅದೂ ಬರೆದಿದೆ ಎಂದೆ. ಕಾರ್ಡಿನ ಭಾಗ ಇನ್ನೊಂದು ಸಲ ಓದಿಸಿದಳು.

"ಅಕ್ಕ," ಎಂದಳು ಆಮೇಲೆ. "ಸೌದೆ ಒಡೆಯೋಕೆ ಹಿತ್ತಲಿಗೆ ಹೋಗ್ತಾನಲ್ಲ ಆ ಸಿಪಾಯಿ. ಹಿತ್ತಲ ಬಾಗಿಲಿಗೂ ಹೊಸ್ತಿಲು ಇರುತ್ತಲ್ವಾ?"

ಈ ಮಾತು ಇಲ್ಲಿಂದ ಆಚೆ ಹೋಗಬಾರದು ಎಂದು ಹೇಳಿ ಅವಳ ಬಾಯಿಗೆ ಒಂದು ಚೂರು ಬೆಲ್ಲ ಹಾಕಿದೆ.